ಹಾಳು ಓಣಿಯ ಹನ್ನೊಂದು ಬೇವು

ನಾರಾಯಣಪೇಟೆಯಲ್ಲಿ ಮಖ್ತಲ್ ದಾರಿಯ ಕಡೆ ಊರು ಮುಗಿಯುವಲ್ಲಿ ಒಂದು ಬಯಲಿತ್ತು. ಬಯಲು ಎಂದರೆ ಅದಕ್ಕೆ ಮರ್ಯಾದೆ ಕೊಟ್ಟಂತಾಯಿತು. ಪ್ಲೇಗು ಬರುವ ಮುನ್ನ ಅದು ಹನ್ನೊಂದು ಮನೆಗಳ ಓಣಿ. ಪ್ಲೇಗಿನ ವರ್ಷ ಸರ್ಕಾರದ ಆಳುಗಳು ಬಂದು ಮಾಳಿಗೆ ಕಿತ್ತು ಒಳಗೆ ಬಿಸಿಲು ಬಿಟ್ಟರು, ಬಟ್ಟೆಬರೆ ಸುಟ್ಟರು, ಸುಣ್ಣ ಎರಚಿದರು. ಬೇನೆ ಇಳಿದ ಮೇಲೆ ಹೊಲದ ಗುಡಿಸಲುಗಳಿಂದ ಜನ ಊರಿಗೆ ಮರಳಿದರು. ಆ ಓಣಿಗೆ ಮಾತ್ರ ಯಾರೂ ಮರಳಲಿಲ್ಲ. ಐದಾರು ಮಳೆಗಾಲಗಳಲ್ಲಿ ಮಣ್ಣಿನ ಗೋಡೆಗಳು ಕರಗಿ ಜಾಲಿಕಂಟಿ ಬೆಳೆಯಿತು. ಉಳಿದದ್ದು ಒಂದು ಸೇದುವ ಬಾವಿ ಮತ್ತು ಸಾಲಾಗಿ ಹನ್ನೊಂದು ಕಲ್ಲಿನ ಹೊಸ್ತಿಲು. ಊರಿನ ಗಂಡಸರು ಆ ಜಾಗಕ್ಕೆ ಒಂದು ಉಪಯೋಗವನ್ನೂ ಕಂಡುಕೊಂಡರು. ಬಿಡಿಸಿ ಹೇಳುವುದು ಬೇಡ. ಮುಂಜಾನೆ ಚೊಂಬು ಹಿಡಿದು ಹೋಗುತ್ತಿದ್ದರು ಎಂದರೆ ಸಾಕು.

ಪೂರ್ವದಿಂದ ಎಣಿಸಿದರೆ ನಾಲ್ಕನೆಯ ಹೊಸ್ತಿಲು ಮಹಾಂತಮ್ಮನದು. ಗಂಡ ಮೊದಲೇ ತೀರಿಕೊಂಡಿದ್ದ. ಇದ್ದ ಒಬ್ಬಳೇ ಮಗಳು, ಆರು ವರ್ಷದ ಅಮರಮ್ಮ, ಪ್ಲೇಗಿನಲ್ಲಿ ಹೋದಳು. ಆಗ ಮಹಾಂತಮ್ಮನಿಗೂ ಜ್ವರ ಏರಿ ಮೈಮೇಲೆ ಎಚ್ಚರವಿರಲಿಲ್ಲ. ಕಣ್ಣು ಬಿಡುವಷ್ಟರಲ್ಲಿ ಮಗುವನ್ನು ಬಂಡಿಯಲ್ಲಿ ಹಾಕಿಕೊಂಡು ಹೋಗಿಯಾಗಿತ್ತು. ಲಿಂಗ ಕಟ್ಟುವ ಆಕೆಯ ಜನರಲ್ಲಿ ಸತ್ತವರನ್ನು ಮಣ್ಣಿನಲ್ಲಿ ಕೂಡಿಸುತ್ತಾರೆ, ಅಯ್ಯನವರು ಬಂದು ತಲೆಯ ಮೇಲೆ ಪಾದ ಇಡುತ್ತಾರೆ, ಮೇಲೊಂದು ಗುರುತಿಗೆ ಕಲ್ಲಾದರೂ ಇರುತ್ತದೆ. ಅಮರಮ್ಮನಿಗೆ ಅದೊಂದೂ ಆಗಲಿಲ್ಲ. ಗುಂಡಿ ಎಲ್ಲಿ ತೋಡಿದರು ಎಂದು ಕೇಳಿದರೆ ಜನ "ಆ ಕಡೀಗೆ" ಎನ್ನುತ್ತಿದ್ದರು. ಕೇಳಿದ ನಾಲ್ವರ ಕೈ ನಾಲ್ಕು ದಿಕ್ಕು ತೋರಿಸಿತು. ಹೀಗಾಗಿ ಮಗಳದೆಂದು ಹೇಳಿಕೊಳ್ಳಲು ಆಕೆಗೆ ಉಳಿದದ್ದು ಹೊಸ್ತಿಲು ಒಂದೇ. ಜ್ವರ ಬರುವ ಹಿಂದಿನ ದಿನ ಹುಡುಗಿ ಅದರ ಮೇಲೆ ಕೂತು ಹುಣಸೆಬೀಜ ಆಡಿದ್ದಳು.

ಮಹಾಂತಮ್ಮ ಆಮೇಲೆ ನೇಕಾರ ಎಂಕಪ್ಪನ ಮನೆಯ ಹಿಂದಿನ ಕೋಣೆಯಲ್ಲಿದ್ದು ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಬದುಕುತ್ತಿದ್ದಳು. ಒಂದು ಮುಂಜಾನೆ ನೂಲಿನ ಬುಟ್ಟಿ ಹೊತ್ತು ಆ ದಾರಿಯಲ್ಲಿ ಬರುತ್ತಾಳೆ: ಊರಿನ ದೊಡ್ಡ ಅರಿವೆ ವ್ಯಾಪಾರಿ ಸಾಯಣ್ಣ ಪಕ್ಕಕ್ಕೆ ಚೊಂಬು ಇಟ್ಟುಕೊಂಡು, ಸರಿಯಾಗಿ ನಾಲ್ಕನೆಯ ಹೊಸ್ತಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ.

"ಏಳ್ರಿ ಸಾವ್ಕಾರ್ರ," ಎಂದಳು, ಮುಖ ತಿರುಗಿಸಿಕೊಂಡು.

ಸಾಯಣ್ಣನಿಗೆ ಜೀವಮಾನದಲ್ಲಿ ಅಂಥ ಹೊತ್ತಿನಲ್ಲಿ ಯಾರೂ ಏಳಿ ಎಂದಿರಲಿಲ್ಲ. "ಏನವಾ ಇದು! ಇಲ್ಲಿ ಕೂಡಾಕೂ ನಿನ್ನ ಅಪ್ಪಣಿ ಬೇಕೇನು?"

"ಇದು ನಮ್ಮ ಮನಿ ಹೊಸ್ತಿಲರಿ."

"ಮನಿ ಎಲ್ಲೈತಿ?"

"ಹೊಸ್ತಿಲು ಐತಲ್ರಿ."

ಇಂಥ ಸ್ಥಿತಿಯಲ್ಲಿ ವಾದ ಬೆಳೆಸುವುದು ಎಂಥ ವ್ಯಾಪಾರಿಗೂ ಕಷ್ಟ. ಸಾಯಣ್ಣ ಎದ್ದು ಐದನೆಯ ಹೊಸ್ತಿಲಿಗೆ ಹೋದ.

ಮಹಾಂತಮ್ಮ ಮರುದಿನವೇ ಕುಡುಗೋಲು ತಂದು ಕಂಟಿ ಕಡಿದಳು. ಹೊಸ್ತಿಲು ತೊಳೆದು, ಅದರ ಪಕ್ಕದಲ್ಲಿ ಒಂದು ಬೇವಿನ ಸಸಿ ನೆಟ್ಟು, ಕಾಂಡಕ್ಕೆ ಅರಿಶಿನ ಹಚ್ಚಿ ಕುಂಕುಮ ಇಟ್ಟಳು. ಬೇವು ಊರದೇವತೆ ಅವ್ವನ ಗಿಡ; ಅರಿಶಿನ ಕಂಡ ಬೇವಿನ ಮುಂದೆ ಚೊಂಬು ಹಿಡಿದು ಕೂರುವ ಗಂಡಸು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. "ಕೊರಳಾಗ ಲಿಂಗ ಕಟ್ಟಿದಾಕಿ ಗಿಡಕ್ಕ ಅರಿಶಿಣ ಹಚ್ಚತಾಳ ನೋಡ್ರಿ," ಎಂದು ನಾಲ್ಕು ಜನ ನಕ್ಕರು. ನಕ್ಕವರೂ ಪಕ್ಕದ ಹೊಸ್ತಿಲಿಗೇ ಸರಿದರು.

ಅಲ್ಲೇ ತೊಂದರೆ ಶುರುವಾಯಿತು. ಐದನೆಯ ಹೊಸ್ತಿಲಿನ ವಾಸನೆ ನಾಲ್ಕನೆಯದಕ್ಕೆ ಬರುತ್ತಿತ್ತು. ಅಲ್ಲೂ ಒಂದು ಬೇವು ನೆಟ್ಟಳು. ಜನ ಆರಕ್ಕೆ ಹೋದರು, ಆರಕ್ಕೂ ನೆಟ್ಟಳು. ಹೀಗೇ ಹನ್ನೊಂದರವರೆಗೂ ಆ ಕಡೆ ಮುಗಿಯಿತೆಂದು ಮೂರಕ್ಕೆ ಬಂದರು. ಉದ್ಯಾನ ಮಾಡುತ್ತೇನೆಂದು ಹೊರಟವಳಲ್ಲ ಆಕೆ. ಗಂಡಸರನ್ನು ಓಡಿಸುತ್ತ ಓಡಿಸುತ್ತ ಎರಡು ವರ್ಷದಲ್ಲಿ ಹನ್ನೊಂದು ಗಿಡ ಆದವು, ಅಷ್ಟೇ. ಪ್ಲೇಗಿನ ಬಾವಿ ಎಂದು ಯಾರೂ ಮುಟ್ಟದ ನೀರನ್ನು ಮೊದಲು ತಾನೇ ಸೇದಿ ಕುಡಿದಳು. ಎಂಟು ದಿನ ಊರು ಆಕೆಯ ಮುಖ ನೋಡಿತು. ಒಂಬತ್ತನೆಯ ದಿನ ಎಂಕಪ್ಪ ತಾನೂ ನೀರು ಸೇದಲು ಹಗ್ಗ ತಂದ.

ಎಂಕಪ್ಪನದೂ ಒಂದು ಲೆಕ್ಕಾಚಾರವಿತ್ತು. ನೇಯುವ ಮುಂಚೆ ಹಾಸಿನ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ ಗಂಜಿ ಹಚ್ಚಿ ಕುಂಚದಿಂದ ತಿಕ್ಕಬೇಕು. ಅದಕ್ಕೆ ಉದ್ದನೆಯ ಜಾಗ ಬೇಕು, ಬಿಸಿಲು ಮಿತವಾಗಿರಬೇಕು, ದನ ನುಗ್ಗಬಾರದು. ಗಿಡಗಳು ಆಳೆತ್ತರ ದಾಟಿದಾಗ ಇಡೀ ನಾರಾಯಣಪೇಟೆಯಲ್ಲಿ ಅಂಥ ಜಾಗ ಅದೊಂದೇ ಆಗಿತ್ತು.

"ಅಕ್ಕಾ, ಒಂದು ಹಾಸು ಇಲ್ಲಿ ಕಟ್ಟಲೇನು?"

"ಕಟ್ಟು. ಒಂದು ಹಾಸು ಕಟ್ಟಿದವ್ರು ಒಂದೊಂದು ಗಿಡಕ್ಕ ಒಂದೊಂದು ಕೊಡ ನೀರು ಹಾಕಬೇಕು."

"ಹನ್ನೊಂದು ಕೊಡಾನಾ! ಗಿಡಕ್ಕ ನೀರು ಹಾಕಾಕ ಬರಬೇಕೋ ನಾನು, ಹಾಸು ಕಟ್ಟಾಕೋ?"

"ನಿನಗ್ಯಾವುದು ಹಗುರಾಗತೈತಿ ಅದನ್ನ ಮಾಡು."

ಇದು ಆ ಜಾಗದ ಏಕೈಕ ಕಾನೂನು. ಬರೆದಿಟ್ಟದ್ದಲ್ಲ, ಹಾಗಾಗಿ ಎಲ್ಲರೂ ಪಾಲಿಸಿದರು. ಹನ್ನೆರಡು ವರ್ಷ ನೇಕಾರರ ಕೊಡದ ನೀರು ಕುಡಿದು ಬೇವುಗಳು ಒಂದರ ತಲೆ ಒಂದಕ್ಕೆ ತಾಗುವಂತೆ ಬೆಳೆದವು. ಕೆಳಗೆ ಬಣ್ಣಬಣ್ಣದ ಹಾಸು. ಟೊಂಗೆಯಿಂದ ಟೊಂಗೆಗೆ ಹುಡುಗಿಯರ ಜೋಕಾಲಿ. ನೆರಳಿನಲ್ಲಿ ಕಂಡಿಕೆ ಸುತ್ತುವ ಹೆಂಗಸರು. ಕೋಸಗಿ ಸಂತೆಗೆ ಹೊರಟವರು ಗಂಟು ಇಳಿಸಿ ಒಂದು ಗಳಿಗೆ ಮಲಗುವ ಕಲ್ಲುಹಾಸು. ನಾಲ್ಕನೆಯ ಹೊಸ್ತಿಲ ಮೇಲೆ ಮಾತ್ರ ಯಾರೂ ಕೂರುತ್ತಿರಲಿಲ್ಲ. ಕೂರಬೇಡಿ ಎಂದು ಮಹಾಂತಮ್ಮ ಹೇಳಿದವಳಲ್ಲ. ದಿನಾ ಬೆಳಿಗ್ಗೆ ಆಕೆ ಅದನ್ನು ಸೆರಗಿನಿಂದ ಒರೆಸುವುದನ್ನು ಎಲ್ಲರೂ ನೋಡಿದ್ದರು.

ಸಾಯಣ್ಣನೂ ಈಗ ಅಲ್ಲಿಗೆ ಬರುತ್ತಿದ್ದ, ಚೊಂಬು ಇಲ್ಲದೆ. ಸಂಜೆ ಕಲ್ಲುಹಾಸಿನ ಮೇಲೆ ಕೂತು ಆರು ಜನ ಗೆಳೆಯರೊಡನೆ ಒಂದು ಅಂಜುಮನ್ ಕಟ್ಟಿದ. ಏಳು ಜನರ ಆ ಸಂಘದಲ್ಲಿ ಬರೀ ಸದಸ್ಯ ಎನ್ನುವವನು ಯಾರೂ ಇರಲಿಲ್ಲ; ಒಬ್ಬ ಅಧ್ಯಕ್ಷ, ಇಬ್ಬರು ಉಪಾಧ್ಯಕ್ಷರು, ಮಿಕ್ಕ ನಾಲ್ವರು ಕಾರ್ಯದರ್ಶಿಗಳು. ಅಧ್ಯಕ್ಷ ಸಾಯಣ್ಣ ಒಮ್ಮೆ ಮದುವೆಗೆಂದು ಗದ್ವಾಲಕ್ಕೆ ಹೋಗಿ ಅಲ್ಲಿ ಯಾರದೋ ತೋಟದಲ್ಲಿ ಕಾರಂಜಿ ನೋಡಿ ಬಂದಿದ್ದ. ಅಂದಿನಿಂದ ಆತನ ಯಾವ ಮಾತೂ ಗದ್ವಾಲ ಮುಟ್ಟದೆ ಮುಗಿಯುತ್ತಿರಲಿಲ್ಲ.

ಆಗ ಹೈದರಾಬಾದಿನಲ್ಲಿ ದೊರೆಯ ಪಟ್ಟದ ಜುಬಿಲಿ ಎಂಬ ಸುದ್ದಿ ಬಂತು. ರಾಜ್ಯದ ತುಂಬ ಊರೂರುಗಳು ಸರ್ಕಾರದ ಹೆಸರಿನಲ್ಲಿ ಏನಾದರೊಂದು ತೆರೆಯುತ್ತಿದ್ದವು. ನಾರಾಯಣಪೇಟೆಯ ಅಂಜುಮನ್ನಿನ ಹತ್ತಿರ ತೆರೆಯಲು ಏನೂ ಇರಲಿಲ್ಲ. ಸಾಯಣ್ಣ ತಲೆಯೆತ್ತಿ ನೋಡಿದ. ತಲೆಯ ಮೇಲೆ ಬೇವಿತ್ತು.

"ಇದು ಬಾಗು!" ಎಂದ, ತೋಟ ಎನ್ನುವುದಕ್ಕೆ ಕಚೇರಿಯ ಉರ್ದು ಮಾತಿನಲ್ಲಿ. ಹನ್ನೆರಡು ವರ್ಷದಿಂದ ಇದ್ದದ್ದು ಆತನಿಗೆ ಆಗ ಕಂಡಿತು. "ಬಾಗು ಅಂದ ಮ್ಯಾಲೆ ಕಮಾನು ಬೇಕು, ಹೆಸರು ಬೇಕು, ಕಚೇರಿ ಮೊಹರು ಬೇಕು. ಗದ್ವಾಲದಾಗ ಹಂಗs ಐತಿ. ಒಂದು ಅರ್ಜಿ ಹಾಕೂಣು."

ಅರ್ಜಿ ಎಂದಾಗ ಬರೆಯುವ ಮುನ್ಷಿ ದಸ್ತಗೀರ್ ಸಾಹೇಬ ಬಂದ. ಜಾಗವನ್ನು ನೋಡಿಕೊಂಡು ವಹಿವಾಟು ನಡೆಸುತ್ತಿರುವವರ ಹೆಬ್ಬೆಟ್ಟು ಬೇಕು, ಇಲ್ಲದಿದ್ದರೆ ಅರ್ಜಿ ನಿಲ್ಲುವುದಿಲ್ಲ ಎಂದ. ಏಳು ಪದಾಧಿಕಾರಿಗಳೂ ಮಹಾಂತಮ್ಮನ ಕಡೆ ತಿರುಗಿದರು.

"ಯಾಕ್ ಬೇಕ್ರಿ ಅದೆಲ್ಲಾ?" ಎಂದಳು ಆಕೆ. "ನೆರಳು ಐತಿ, ಕೂಡ್ರಿ."

ಮನೆಗೆ ಬಂದಾಗ ಎಂಕಪ್ಪ ಬೆನ್ನು ತಟ್ಟಿದಂತೆ ಹೇಳಿದ. "ಛಲೋ ಮಾಡಿದಿ ಅಕ್ಕಾ. ಈ ಜಾಗ ಇಷ್ಟು ದಿನ ಯಾಕ ಉಳದೈತಿ? ಯಾವ ಕಾಗದದಾಗೂ ಇಲ್ಲ, ಅದಕ್ಕs ಉಳದೈತಿ. ಕಾಗದಕ್ಕ ಬಂತೋ, ಮುಗೀತು."

ಆದರೆ ಸಾಯಣ್ಣ ವ್ಯಾಪಾರಿ. ಸೀರೆ ಬೇಡ ಎಂದ ಗಿರಾಕಿಗೆ ಮತ್ತೊಂದು ಮಡಿಕೆ ಬಿಚ್ಚುವುದು ಆತನಿಗೆ ಅಭ್ಯಾಸ. ಮೋಸದಿಂದಲ್ಲ, ಒಳ್ಳೆಯ ಮನಸ್ಸಿನಿಂದಲೇ ಬಿಚ್ಚಿದ. "ಮಾಂತಮ್ಮ, ಕಮಾನಿನ ಕಲ್ಲಿಗೆ ನಿನ್ನ ಮಗಳ ಹೆಸರು ಕೊರಿಸ್ತೀನಿ. ಅಮರಮ್ಮನ ಬಾಗು. ಮಖ್ತಲಿಂದ ಕಲ್ಲುಕುಟಿಗನ್ನ ಕರಸ್ತೀನಿ."

ಮಹಾಂತಮ್ಮನ ಕೈಯಲ್ಲಿದ್ದ ಕಂಡಿಕೆ ನಿಂತಿತು.

"ಪೂರಾ ಹೆಸರು ಬರೀತಾರೇನ್ರಿ?"

"ಪೂರಾ."

"ಮಳಿಗೆ ಹೋಗೂದಿಲ್ಲಲ್ರಿ?"

"ಕಲ್ಲಾಗ ಕೊರದದ್ದು ಎಲ್ಲಿಗೆ ಹೋಗತೈತವಾ? ಗದ್ವಾಲದಾಗ..."

ಗದ್ವಾಲದ್ದು ಆಕೆಗೆ ಕೇಳಿಸಲಿಲ್ಲ. ಮೂರನೆಯ ದಿನ, ಹಾಸಿನ ನೂಲಿಗೆ ಗಂಜಿ ಹಚ್ಚುತ್ತಿದ್ದ ಎಂಕಪ್ಪನ ಹತ್ತಿರ ಬಂದು ನಿಂತಳು.

"ಎಂಕಪ್ಪಾ, ನಿನಗ ಅಕ್ಷರ ಬರತಾವಲ್ಲ. ಅಮರಮ್ಮ ಅನ್ನೂದು ಹೆಂಗ ಕಾಣತೈತಿ?"

ಎಂಕಪ್ಪ ಕುಂಚ ಕೆಳಗಿಟ್ಟ. ಬೆರಳನ್ನು ಗಂಜಿಯಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ನಾಲ್ಕು ಅಕ್ಷರ ಬರೆದ. ಮೊದಲು ಏನೂ ಕಾಣಲಿಲ್ಲ. ಬಿಸಿಲಿಗೆ ಗಂಜಿ ಒಣಗುತ್ತ ಬಂದಂತೆ ಬೆಳ್ಳಗೆ ಒಂದೊಂದೇ ಅಕ್ಷರ ಎದ್ದಿತು. ಮಹಾಂತಮ್ಮ ಕೂತು ನೋಡಿದಳು. ಕೊನೆಯದನ್ನು ತೋರಿಸಿ, "ಇದು ಯಾಕ ಒಂದರ ಕಾಲಾಗ ಒಂದು ಐತಿ?" ಎಂದಳು.

"ಅದು ಒತ್ತು, ಅಕ್ಕಾ. 'ಮ್ಮ' ಅನ್ನಾಕ."

"ಅವ್ವನ ಕಾಲಾಗ ಕೂಸು ಕೂತಂಗ ಐತಿ," ಎಂದಳು. ಮಧ್ಯಾಹ್ನದ ಹೊತ್ತಿಗೆ ಗಂಜಿ ಸಿಪ್ಪೆಯಾಗಿ ಎದ್ದು ಗಾಳಿಗೆ ಹಾರಿತು. ಆಕೆ ನೆಟ್ಟಗೆ ಸಾಯಣ್ಣನ ಅಂಗಡಿಗೆ ನಡೆದಳು.

ಎಂಕಪ್ಪ ಹಿಂದೆಯೇ ಓಡಿ ಬಂದ. "ಬ್ಯಾಡ ಅಕ್ಕಾ. ಹೆಸರು ಬೇಕಂದ್ರ ನಾನು ದಿನಾ ಬರೀತೀನಿ, ದಿನಾ!"

"ದಿನಾ ಹೋಗೂದನ್ನ ನೋಡಲಾರೆನೋ," ಎಂದು ಹೆಬ್ಬೆಟ್ಟು ಮುಂದೆ ಚಾಚಿದಳು.

ದಸ್ತಗೀರ್ ಸಾಹೇಬ ಬರೆದ ಅರ್ಜಿ ಆತನ ಬಾಳಿನ ಅತ್ಯುತ್ತಮ ಬರಹ. ಉರ್ದುವಿನಲ್ಲಿ ಮೂರು ಪುಟ. ಕೆರೆಯಂಥ ಬಾವಿ, ಅಂಗೈಯಂಥ ಸಮತಟ್ಟು, ಸ್ವರ್ಗದ ನೆರಳು, ಹೆದ್ದಾರಿಗೆ ಹತ್ತಿದ ಜಾಗ, ದೊಡ್ಡ ದೊಡ್ಡ ಹುದ್ದೆಯವರು ದಣಿವಾರಿಸಿಕೊಳ್ಳಲು ತಕ್ಕದ್ದು. ಮುನ್ಷಿ ಅದನ್ನು ಅಂಜುಮನ್ನಿನ ಮುಂದೆ ಓದಿ ಅರ್ಥ ಹೇಳಿದಾಗ ಏಳು ಜನವೂ ತಾವು ದಿನಾ ಕೂರುವ ಜಾಗ ಯಾವುದೆಂದು ಮರೆತು ಬೆರಗಾದರು. ಇಷ್ಟು ಹೊಗಳಿದ ಮೇಲೆ ಕೊಡದಿರಲು ಸಾಧ್ಯವೇ? ಹೊಗಳಿದ್ದನ್ನು ಓದಿದವನು ತನಗೇ ಇಟ್ಟುಕೊಂಡಾನು ಎಂಬುದು ಸಾಯಣ್ಣನಿಗೂ ಹೊಳೆಯಲಿಲ್ಲ. ತನ್ನ ಅಂಗಡಿಯ ಒಳ್ಳೆಯ ಸೀರೆಯನ್ನು ಕಚೇರಿಯವರಿಗೆ ಬಿಚ್ಚಿ ತೋರಿಸದ ಜಾಣ ಅವನು.

ಜಾಗ ಅಳೆಯುವ ಮೋಜಣಿಯವರು ಸರಪಳಿ ಹಿಡಿದು ಬಂದರು. ಅಂಜುಮನ್ ಅವರಿಗೆ ಹಾರ ಹಾಕಿತು, ಮಂಡಕ್ಕಿ ಚಹಾ ಕೊಟ್ಟಿತು. ಸರಪಳಿಯ ಒಂದು ತುದಿ ಹಿಡಿಯುವ ಗೌರವವನ್ನು ಅಧ್ಯಕ್ಷರೇ ವಹಿಸಿಕೊಂಡರು.

ಏಳು ತಿಂಗಳಿಗೆ ಜವಾಬು ಬಂತು. ಬೇವಿನ ಕೆಳಗೆ ಇಡೀ ಊರು ಸೇರಿತು. ಕಲ್ಲುಕುಟಿಗ ಕೆಲಸ ಬಿಟ್ಟು ಉಳಿ ಹಿಡಿದೇ ಬಂದು ನಿಂತ. ಮಹಾಂತಮ್ಮ ತೊಳೆದ ಸೀರೆ ಉಟ್ಟು ಹೊಸ್ತಿಲ ಪಕ್ಕ ನಿಂತಿದ್ದಳು. ಮುನ್ಷಿ ಗಂಟಲು ಸರಿಮಾಡಿಕೊಂಡು ದೊಡ್ಡ ದನಿಯಲ್ಲಿ ಶುರುಮಾಡಿದ. ಎರಡನೆಯ ಸಾಲಿಗೆ ದನಿ ಸಣ್ಣದಾಯಿತು. ನಾಲ್ಕನೆಯದಕ್ಕೆ ನಿಂತೇಹೋಯಿತು.

"ಏನಂತಾರ?" ಎಂದ ಸಾಯಣ್ಣ.

"ಶುಕ್ರಿಯಾ ಅಂತಾರ," ಎಂದ ಮುನ್ಷಿ ನೆಲ ನೋಡುತ್ತ. "ಇಂಥ ಜಾಗ ಐತಿ ಅಂತ ತೋರಿಸಿಕೊಟ್ಟದ್ದಕ್ಕ. ವಾರಸುದಾರರು ಯಾರೂ ಇಲ್ಲ, ಸರ್ಕಾರಕ್ಕ ಸೇರಿದ್ದು. ದೌರಾ ಅಂತ ಊರೂರು ತಿರುಗೋ ಸಾಹೇಬರಿಗೆ ಇಳಕೊಳ್ಳಾಕ ಬಂಗ್ಲೆ ಕಟ್ತಾರಂತ. ಗಿಡ ಅಡ್ಡ ಬರೂವು ಕಡೀಬೇಕಂತ. ಸುತ್ತ ಗ್ವಾಡಿ. ದನ, ಜನ ಒಳಗ ಬರೂವಂಗಿಲ್ಲ."

ಮಹಾಂತಮ್ಮನಿಗೆ ಪೂರ್ತಿ ತಿಳಿದಿರಲಿಲ್ಲ. "ಹೆಸರು ಬಂದೈತೇನ್ರಿ ಅದರಾಗ?" ಎಂದು ಕೇಳಿದಳು.

"ಬಂದೈತಮ್ಮಾ," ಎಂದ ದಸ್ತಗೀರ್ ಸಾಹೇಬ. "ನಿಂದು. ಜಾಗದ ವಹಿವಾಟು ನಡಸ್ತಿದ್ದ ಮಹಾಂತಮ್ಮ ಸ್ವಖುಷಿಯಿಂದ ಬಿಟ್ಟುಕೊಟ್ಟಾಳ ಅಂತ. ಹೆಬ್ಬೆಟ್ಟು ಐತಿ."

ಆಕೆ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಏಳು ತಿಂಗಳ ಹಿಂದಿನ ಮಸಿ ಅದರಲ್ಲಿ ಎಲ್ಲಿ ಇರಬೇಕು? ಆದರೂ ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು.

ಸಾಯಣ್ಣ ಸುಮ್ಮನೆ ಕೂರಲಿಲ್ಲ. ಅಷ್ಟನ್ನು ಆತನ ಪರವಾಗಿ ಹೇಳಬೇಕು. ಇನ್ನೊಂದು ಅರ್ಜಿ ಹಾಕಿಸಿದ: ಜಾಗ ತಗ್ಗು, ನೀರು ಉಪ್ಪು, ಪ್ಲೇಗಿನ ನೆಲ. ಮೊದಲು ಸ್ವರ್ಗ ಎಂದವರೇ ಈಗ ಹೀಗೆ ಹೇಳುವುದು ಹೇಗೆಂದು ಕಚೇರಿ ಒಂದೇ ಸಾಲಿನಲ್ಲಿ ಕೇಳಿತು. ಆಮೇಲೆ ಆತನ ಬಾಯಲ್ಲಿ ಗದ್ವಾಲದ ಹೆಸರು ಯಾರೂ ಕೇಳಲಿಲ್ಲ. ಕಮಾನಿನ ಕಲ್ಲು ಅಂಗಡಿಯ ಹಿಂದೆ ಬಿದ್ದಿತ್ತು. ಕುಟಿಗ ಮೇಲಿನಿಂದ ಕೆತ್ತುತ್ತ ಬಂದಿದ್ದ. ಜುಬಿಲಿಯ ಸಾಲು, ಅಧ್ಯಕ್ಷರ ಹೆಸರು, ಉಪಾಧ್ಯಕ್ಷರಿಬ್ಬರ ಹೆಸರು, ಕಾರ್ಯದರ್ಶಿಗಳಲ್ಲಿ ಮೂವರ ಹೆಸರು ಮುಗಿದಿದ್ದವು. ಅಮರಮ್ಮನದು ಎಲ್ಲಕ್ಕಿಂತ ಕೆಳಗೆ ಬರಬೇಕಿತ್ತು. ಅಲ್ಲಿ ಕಲ್ಲು ನುಣ್ಣಗೆ ಖಾಲಿ ಇತ್ತು.

ಅಡ್ಡ ಬರುವ ಗಿಡ ಎಂದರೆ ಎಷ್ಟು ಎಂದು ಕಾಗದದಲ್ಲಿ ಬರೆದಿರಲಿಲ್ಲ. ಗುತ್ತಿಗೆದಾರನಿಗೆ ಹನ್ನೊಂದೂ ಅಡ್ಡ ಬಂದವು. ನಾಲ್ಕು ದಿನ ಕೊಡಲಿ ಸದ್ದು ಕೇಳಿತು. ಆ ನಾಲ್ಕು ದಿನ ಎಂಕಪ್ಪನ ಮಗ್ಗ ನಿಂತಿತ್ತು. ಮಹಾಂತಮ್ಮ ಮಾತ್ರ ಕಂಡಿಕೆ ಸುತ್ತುತ್ತಲೇ ಇದ್ದಳು. ಸಂಜೆ ನೋಡಿದರೆ ನೂಲೆಲ್ಲ ಗಂಟು. ಹನ್ನೊಂದು ಹೊಸ್ತಿಲುಗಳನ್ನೂ ಮೀಟಿ ಎಬ್ಬಿಸಿ ಬುನಾದಿಗೆ ಹಾಕಿದರು. ಒಳ್ಳೆಯ ಕಲ್ಲು, ಬಿಟ್ಟಿ ಸಿಕ್ಕಿದ್ದು, ಯಾರು ಬಿಡುತ್ತಾರೆ?

ಬಂಗ್ಲೆ ಎದ್ದಿತು. ಕಸ ಹೊಡೆಯಲು ಒಬ್ಬ ಹೆಂಗಸು ಬೇಕು ಎಂದು ಚೌಕೀದಾರ ಊರಲ್ಲಿ ಕೇಳಿದಾಗ ಮಹಾಂತಮ್ಮ ಹೋಗಿ ನಿಂತಳು. ಅಂಜುಮನ್ನಿಗೆ ಆಘಾತವಾಯಿತು, ಉಪಾಧ್ಯಕ್ಷ ಕರಿಬಸಯ್ಯ ಖುದ್ದು ಬಂದ.

"ನಮ್ಮ ಜಾತಿ ಹೆಣ್ಣುಮಗಳು ಕಂಡವ್ರ ಕಸ ಹೊಡೀಯಾಕ ಹೋಗೂದಾ? ಜನ ಏನಂದಾರು?"

"ಹನ್ನೆರಡು ವರ್ಷ ಅಲ್ಲೇ ಹೊಡದೀನಲ್ರಿ ಅಯ್ಯಾರ," ಎಂದಳು. "ಅವಾಗ ನೀವs ಹಾಕಿದ ಕಸ ಇತ್ತು."

ಗೋಡೆಯೊಳಗೆ ಹೋಗಲು ಅದೊಂದೇ ಬಾಗಿಲು. ದೊಡ್ಡ ಕೋಣೆಗೆ ಫರಸಿ ಕಲ್ಲು ಹಾಸಿದ್ದರು. ಕಿಟಕಿಯಿಂದ ಮೂರನೆಯ ಕಲ್ಲು, ಸಾಹೇಬರ ಮಂಚದ ಕೆಳಗೆ, ಅಲ್ಲೇ ತನ್ನ ಹೊಸ್ತಿಲು ಇದ್ದದ್ದು ಎಂದು ಆಕೆ ಮನಸ್ಸಿನಲ್ಲಿ ಗುರುತು ಮಾಡಿಕೊಂಡಳು. ದಿನಾ ಮಂಚವನ್ನು ಗೋಡೆಗೆ ಸರಿಸುವಳು. ಚೌಕೀದಾರ ಬೈಯುತ್ತ ಮತ್ತೆ ಮಧ್ಯಕ್ಕೆ ಎಳೆಯುವನು. ಮಂಚಕ್ಕೆ ಕಾಲು ಬಂದಿವೆ ಎಂದು ಒಬ್ಬ ಸಾಹೇಬರು ಅಲ್ಲಿನ ಪುಸ್ತಕದಲ್ಲಿ ಬರೆದು ಹೋದರು.

ಮೊದಲ ವರ್ಷ ಆಕೆಗೆ ಸಂಶಯವಿರಲಿಲ್ಲ. ಎರಡನೆಯ ವರ್ಷ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತವಳು ಕಿಟಕಿಯಿಂದ ಮತ್ತೆ ಮತ್ತೆ ಎಣಿಸಿದಳು. ಮೂರನೆಯ ಕಲ್ಲೋ, ನಾಲ್ಕನೆಯದೋ? ಸಾಹೇಬರು ಯಾರೂ ಇಲ್ಲದ ದಿನ ನೋಡಿ ಎಂಕಪ್ಪನನ್ನು ಒಳಗೆ ಕರೆತಂದಳು.

"ನೀನು ಹೇಳು. ದಿನಾ ಹಾಸು ಕಟ್ಟತಿದ್ದಿ. ನಾಕನೇದು ಎಲ್ಲಿ ಬರತಿತ್ತು?"

ಎಂಕಪ್ಪ ಹೊರಗೆ ಹೋಗಿ ಬಾವಿಯಿಂದ ಹೆಜ್ಜೆ ಎಣಿಸುತ್ತ ಬಂದ, ಗೋಡೆ ಅಡ್ಡ ಬಂತು, ಸುತ್ತಿ ಬಂದ, ಒಳಗೆ ಬಂದು ಬಾಗಿಲ ಹತ್ತಿರ ನಿಂತ. "ಇಲ್ಲಿ."

"ಅಲ್ಲೋ! ಅಲ್ಲಿ ಐದನೇದು ಇತ್ತು."

ಮತ್ತೆ ಎಣಿಸಿದ. ಈ ಸಲ ಮಂಚದ ತಲೆಗಡೆ ಬಂದು ನಿಂತ. ಇಬ್ಬರೂ ಸೇರಿ ಎಣಿಸಿದರು. ಇನ್ನೊಂದು ಕಡೆ ಮುಟ್ಟಿತು. ಮಹಾಂತಮ್ಮ ಸಿಟ್ಟಾದಳು, "ನಿನಗ ಹೆಜ್ಜಿ ಹಾಕಾಕೂ ಬರೂದಿಲ್ಲ" ಎಂದಳು. ಎಂಕಪ್ಪ ಪೇಟ ತೆಗೆದು ಕೈಯಲ್ಲಿ ಹಿಡಿದ.

"ನಾನು ಗಿಡದಿಂದ ಗಿಡಕ್ಕ ಕಟ್ಟತಿದ್ದೆ ಅಕ್ಕಾ. ಗಿಡಾನs ಇಲ್ಲ. ನೆಲಾನೂ ಮಟ್ಟಾ ಮಾಡ್ಯಾರ. ನೀ ಎಲ್ಲಿ ಅಂತಿ, ಅಲ್ಲೇ ಅನ್ನು."

ಆಕೆ ಆ ಕಲ್ಲುಗಳನ್ನು ನೋಡುತ್ತ ನಿಂತಳು. ಎಲ್ಲವೂ ಒಂದೇ ಬಣ್ಣ, ಒಂದೇ ಅಳತೆ. ಆಮೇಲೆ ತಾನೇ ಮಂಚವನ್ನು ಚೌಕೀದಾರನಿಗೆ ಬೇಕಾದ ಜಾಗಕ್ಕೆ ಎಳೆದು ಇಟ್ಟಳು.

ಅಂದಿನಿಂದ ಮಂಚದ ಜಗಳ ನಿಂತಿತು. ಮಹಾಂತಮ್ಮ ಗೋಡೆಯಿಂದ ಗೋಡೆಗೆ ಇಡೀ ಕೋಣೆಯನ್ನು ಒಂದೇ ಸಮನೆ ಗುಡಿಸುವಳು. ಗುಡಿಸುವಾಗ ಯಾವ ಕಲ್ಲಿನ ಮೇಲೂ ಕಾಲನ್ನು ಪೂರ್ತಿ ಊರುತ್ತಿರಲಿಲ್ಲ. ತುದಿಬೆರಳ ಮೇಲೆ, ಮಲಗಿದ ಮಕ್ಕಳ ನಡುವೆ ದಾಟುವವಳಂತೆ ದಾಟುವಳು. ಚೌಕೀದಾರ ಕೆಲವು ದಿನ ನೋಡಿದ.

"ಏನಾಗೈತಿ ಮಾಂತಮ್ಮ ಕಾಲಿಗೆ? ಮುಳ್ಳು ಮುರದೈತೇನು?"

"ಹೂಂ," ಎಂದಳು.